ನನ್ನನ್ನು ಕೇಳಿದ್ದಕ್ಕೆ ಅತ್ತೆ ಹೇಳಿದ್ದು

ಆ ಗುರುವಾರ ಬೆಳಿಗ್ಗೆಯೂ ಬಾಗಿಲಿಗೆ ನೀರು ಹಾಕಿದವಳು ನಾನೇ. ಹಿಂದಿನ ವರ್ಷದವರೆಗೆ ಅದು ಅತ್ತೆಯ ಕೆಲಸವಾಗಿತ್ತು. ನಾನು ಕಣ್ಣುಜ್ಜಿಕೊಂಡು ಏಳುವ ಹೊತ್ತಿಗೆ ಅಂಗಳವೆಲ್ಲ ಒದ್ದೆಯಾಗಿ ಸಗಣಿಯ ವಾಸನೆ ನಡುಮನೆಗೆ ಬಂದಿರುತ್ತಿತ್ತು. ಈಗ ನಾನು ಬಕೆಟ್ಟು ಹಿಡಿದು ಹೋದರೆ ಅತ್ತೆ ಜಗಲಿಯ ಮೂಲೆಯಲ್ಲಿ, ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿರುತ್ತಿದ್ದರು. ವಯಸ್ಸಾದವರು ಬೇಗ ಏಳುತ್ತಾರೆ ಎಂದುಕೊಂಡು ನಾನು ಅವರ ಪಕ್ಕಕ್ಕೆ ನೀರು ಸಿಡಿಯದಂತೆ ಚಿಮುಕಿಸುತ್ತಿದ್ದೆ.

ಹಂಡೆಗೆ ಉರಿ ಹಾಕಿದೆ. ಪಂಪ್ ಸ್ಟೌ ಹೊತ್ತಿಸಿ ಕಾಫಿ ಕಾಯಿಸಿದೆ. ಚೊಂಬಿಗೆ ಕೆಂಡ ತುಂಬಿ ಯಜಮಾನರ ಅಂಗಿಗೆ ಇಸ್ತ್ರಿ ಮಾಡಿದೆ. ಅವರು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಕಾಲರು ಮುದುರಿದ್ದರೆ ಹುಡುಗರು ನಗುತ್ತಾರೆ ಎಂಬ ಭಯ ಅವರಿಗೆ. ಮಗಳಿಗೆ ಜಡೆ ಹಾಕಿ, ಟೇಪು ಕಟ್ಟಿ, ಅಪ್ಪನ ಜತೆ ಕಳಿಸಿದೆ. ವಾಪಸು ಬಂದು ನೋಡಿದರೆ ಅತ್ತೆಯ ಕಾಫಿ ಲೋಟದ ಮೇಲೆ ಕೆನೆ ಕಟ್ಟಿತ್ತು. ಅವರ ಕೈಯಲ್ಲಿ ಬಾಚಣಿಗೆ ಇತ್ತು, ಕೂದಲು ಬಿಚ್ಚಿತ್ತು, ಬಾಚಣಿಗೆ ಮಾತ್ರ ತೊಡೆಯ ಮೇಲಿಂದ ಮೇಲೇಳಲಿಲ್ಲ. ಅವರ ಎಲೆಅಡಿಕೆ ಸಂಚಿ ಮೊಳೆಗೆ ನೇತುಹಾಕಿದ ಹಾಗೇ ಇತ್ತು. ಒಳಗಿನ ಎಲೆ ಒಣಗಿಹೋಗಿ, ಗಾಳಿ ಬಂದರೆ ಸಂಚಿಯೇ ಸರಸರ ಎನ್ನುತ್ತಿತ್ತು.

ಹಿತ್ತಿಲಲ್ಲಿ ಬೀದಿಯ ಕರಿನಾಯಿ ಆಗಲೇ ಬಂದು ಕುಳಿತಿತ್ತು. ಆ ವರ್ಷ ಅದು ಯಾಕೋ ದುಂಡಗಾಗಿತ್ತು. ನಾನು ಅದಕ್ಕೆ ಏನೂ ಹಾಕಿದವಳಲ್ಲ.

ಅತ್ತೆ ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯ ಕಡೆಯವರು. ಕುರಿ, ಹೊಲ ಎರಡೂ ಇದ್ದ ಮನೆ. ಮಾವ ತೀರಿಕೊಂಡ ಮೇಲೆ ಊರಲ್ಲಿ ದೊಡ್ಡ ಮಗನ ಜತೆ ಇದ್ದರು. ನಮಗೆ ಹೊಳಲ್ಕೆರೆಗೆ ವರ್ಗವಾದಾಗ, ಮಗು ಸಣ್ಣದು ಎಂದು ನಮ್ಮ ಜತೆ ಬಂದರು. ಅವರ ಮಾತು ಬೀದಿಯ ಆ ತುದಿಗೆ ಕೇಳುತ್ತಿತ್ತು. ಮತ್ತು ಆ ಮಾತಿನಲ್ಲಿ ಅರ್ಧ, ನಾನು ಆಡಬೇಕಾಗಿದ್ದ ಮಾತು.

ಇದನ್ನು ಬಿಡಿಸಿ ಹೇಳಬೇಕು. ನಾನು ದುರ್ಗದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರುಗಳು ನಮಗೆ ಮೊದಲು ಕಲಿಸಿದ್ದು, ನಿನ್ನನ್ನು ಕೇಳಿದ ಪ್ರಶ್ನೆಗೆ ನೀನೇ ಎದ್ದು ನಿಂತು ಉತ್ತರ ಹೇಳಬೇಕು, ನಿಜ ಹೇಳಬೇಕು ಎಂದು. ಮದುವೆಯಾಗಿ ಬಂದ ಮನೆಯಲ್ಲಿ ಬೇರೆಯೇ ಕ್ರಮ. ಸೊಸೆಯನ್ನು ಯಾರು ಏನು ಕೇಳಿದರೂ ಅತ್ತೆ ಉತ್ತರ ಹೇಳಬೇಕು. ಬಳೆಗಾರ ನನ್ನ ಕೈ ಹಿಡಿದು "ಎಷ್ಟರ ಅಳತೆ ತಾಯಿ?" ಎಂದರೆ, "ಇವ್ಳದು ಎಳೇ ಕೈ, ಸಣ್ಣದ್ ಹಾಕಪ್ಪ" ಎಂದು ಅತ್ತೆ. ನೆಂಟರು "ಎಲ್ಲೀಗಂಟ ಓದೀಯವ್ವ?" ಎಂದರೆ, "ಇಂಗ್ಲೀಷ್ ಓದವ್ಳೆ, ಮುದ್ದೆ ತಿರುವಾದು ನಾನೇ ಕಲ್ಸಿದ್ದು" ಎಂದು ಅತ್ತೆ. ನನಗೆ ಬಸಿರಿನಲ್ಲಿ ಏನು ತಿನ್ನಬೇಕು ಅನ್ನಿಸುತ್ತದೆ ಎಂಬುದಕ್ಕೂ ಉತ್ತರ ಅವರದೇ. ಮೊದಮೊದಲು ಕೋಪ ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಅದಾದ ಮೇಲೆ, ಹೇಳಿದರೆ ನಗಬಾರದು, ಅದು ನನಗೆ ಆರಾಮವಾಯಿತು.

ಆದ್ದರಿಂದಲೇ ಏನೋ ಕೆಟ್ಟಿದೆ ಎಂದು ನನಗೆ ಮೊದಲು ಗೊತ್ತಾದದ್ದು. ಒಂದು ದಿನ ಸೊಪ್ಪಿನವಳು ಬಾಗಿಲಲ್ಲಿ "ಹುಷಾರಿದೀರೇನವ್ವ?" ಎಂದು ನನ್ನನ್ನು ಕೇಳಿದಳು. ಅತ್ತೆ ಪಕ್ಕದಲ್ಲೇ ಇದ್ದರು. ನಾನು ಕಾದೆ. ಅವಳೂ ಕಾದಳು. ಅತ್ತೆ ಸೊಪ್ಪಿನ ಕಟ್ಟನ್ನೇ ನೋಡುತ್ತಿದ್ದರು. ಕೊನೆಗೆ "ಹುಷಾರಿದೀನಿ" ಎಂದು ನಾನೇ ಹೇಳಬೇಕಾಯಿತು.

ಆಮೇಲೆ ತಿಂಗಳುಗಳೇ ಕಳೆದವು. ಮಾತು ಕಡಿಮೆಯಾಯಿತು, ನಗು ನಿಂತಿತು. ನನ್ನ ಮೇಲೆ ಮುನಿಸು ಎಂದರು ಕೆಲವರು. ಊರಿಂದ ದೊಡ್ಡ ಭಾವ ರಾಗಿ ಮೂಟೆ ತಂದು ಇಳಿಸಿದವರು, ತಾಯಿಯ ಮುಖ ನೋಡಿ ಅತ್ತುಬಿಟ್ಟರು. ಒಳ್ಳೆಯ ಮನುಷ್ಯ. ಆದರೆ ಕಣ್ಣೊರೆಸಿಕೊಂಡು ಅವರು ತಮ್ಮನಿಗೆ ಹೇಳಿದ್ದು ಇದು.

"ಗಾಳಿ ಆಗೈತೆ ಕಣಪ್ಪ ಅವ್ವಗೆ. ನಮ್ ಕಡೆ ಬಿಡಿಸೋನೊಬ್ಬ ಅವ್ನೆ. ಬರೋ ಅಮಾಸೆಗೆ ಕರ್ಕಂಡೋಗ್ತೀನಿ."

ಬಿಡಿಸುವುದು ಎಂದರೆ ಏನು ಎಂದು ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ ನೋಡಿದ್ದೆ. ಕೂದಲನ್ನು ಕಂಬಕ್ಕೆ ಸುತ್ತಿ, ಹಸಿ ಬರಲಿನಲ್ಲಿ ಹೊಡೆಯುತ್ತಾರೆ, ಒಳಗಿರುವುದು ಹೆಸರು ಹೇಳುವ ತನಕ. ಯಜಮಾನರಿಗೆ ಇಷ್ಟವಿರಲಿಲ್ಲ, ಆದರೆ ಅಣ್ಣನ ಮಾತಿಗೆ ಎದುರಾಡಿ ಅವರಿಗೆ ಅಭ್ಯಾಸವೂ ಇರಲಿಲ್ಲ. "ಅವ್ವನೇ ಬೇಡ ಅಂದ್ರೆ ಅಣ್ಣ ಬಿಡ್ತಾನೆ" ಎನ್ನುತ್ತಿದ್ದರು. ಅವ್ವ ಬೇಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅಮಾವಾಸ್ಯೆ ಮುಂದಿನ ಗುರುವಾರವೇ ಇತ್ತು.

ನಮ್ಮ ಆರೋಗ್ಯ ಕೇಂದ್ರದ ಡಾಕ್ಟರು ಆಗಷ್ಟೇ ಬೆಂಗಳೂರಿಗೆ ಹೋಗಿ, ಮನಸ್ಸಿನ ಕಾಯಿಲೆಗಳ ಬಗ್ಗೆ ತರಬೇತಿ ಮುಗಿಸಿ ಬಂದಿದ್ದರು. ಇನ್ನೂ ಮೀಸೆ ದಟ್ಟವಾಗದ ಹುಡುಗ. ಗುರುವಾರ ಬಂದ ರೋಗಿಗಳನ್ನೆಲ್ಲ, ಕೆಮ್ಮಿಗೆ ಬಂದವರಿರಲಿ ಕಜ್ಜಿಗೆ ಬಂದವರಿರಲಿ, ನಿದ್ದೆ ಹೇಗೆ, ಊಟ ಹೇಗೆ, ಮನಸ್ಸು ಹೇಗೆ ಎಂದು ಕೇಳುತ್ತಾರಂತೆ ಎಂದು ಯಜಮಾನರು ಸ್ಕೂಲಿನಲ್ಲಿ ಕೇಳಿ ಬಂದು ಹೇಳಿದ್ದರು. ಅವರು ತಾಯಿಯನ್ನು ಕರೆದದ್ದೂ ಆಗಿತ್ತು. "ನಂಗೇನಾಗೈತಲೇ ಆಸ್ಪತ್ರೆಗೆ ಬರಾಕೆ?" ಎಂದದ್ದಷ್ಟೇ. ಅತ್ತೆ ತಮ್ಮ ಜನ್ಮದಲ್ಲಿ ತಮಗಾಗಿ ಡಾಕ್ಟರ ಹತ್ತಿರ ಹೋದವರಲ್ಲ.

ನನಗೆ ಮಾತ್ರ ಒಂದು ತಲೆನೋವು ಇತ್ತು, ನಿಜವಾದದ್ದೇ. ಮಧ್ಯಾಹ್ನ ಮಗಳ ಲಂಗಕ್ಕೆ ಅಂಚು ಹೊಲಿಯಲು ಕುಳಿತರೆ ಹುಬ್ಬುಗಳ ನಡುವೆ ಹಿಡಿದುಕೊಳ್ಳುತ್ತಿತ್ತು. ಬಾಚಣಿಗೆಯನ್ನು ಅತ್ತೆಯ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಅವರ ಕೂದಲು ಬಾಚುತ್ತಾ ಹೇಳಿದೆ.

"ಅತ್ತೆ, ನಾನು ಆಸ್ಪತ್ರೆಗೆ ಹೋಗ್ಬೇಕು. ತಲೆನೋವು ತಡಿಯಕ್ಕೆ ಆಗ್ತಿಲ್ಲ. ನೀವೂ ಬರ್ರಿ."

ಬೆನ್ನು ಅಲುಗಲಿಲ್ಲ.

"ಡಾಕ್ಟ್ರು ಗಂಡಸು. ಒಬ್ಬಳೇ ಹೆಂಗೆ ಹೋಗ್ಲಿ?"

ಅವರು ಸೆರಗು ಸರಿಮಾಡಿಕೊಂಡರು. "ತುರುಬು ಗಟ್ಟಿ ಕಟ್ಟು" ಎಂದರು.

ಹೊರಡುವಾಗ ಪಕ್ಕದ ಹಿಟ್ಟಿನ ಗಿರಣಿಯ ಮನೆಯಾಕೆ, ಯಾವಾಗಲೂ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಇರುವವರು, ಗೋಡೆಯ ಆ ಕಡೆಯಿಂದ ಕತ್ತು ಎತ್ತಿದರು.

"ಎಲ್ಲಿಗ್ರೀ ಅತ್ತೆ ಸೊಸೆ? ಆಸ್ಪತ್ರೆಗಾ? ಹೆಸರು ಗಿಸರು ಬರೆಸ್ಬೇಡ್ರಿ ಮತ್ತೆ. ಹಿಡ್ಕಂಡು ಆಪರೇಷನ್ ಮಾಡಿ ಕಳಿಸ್ತಾರೆ!"

ಎಮರ್ಜೆನ್ಸಿ ಮುಗಿದಿದ್ದರೂ ಸಂತಾನಹರಣದ ಆ ಭಯ ಇನ್ನೂ ಜನರನ್ನು ಬಿಟ್ಟಿರಲಿಲ್ಲ. ಬೇರೆ ದಿನವಾಗಿದ್ದರೆ ಅತ್ತೆ "ನಂಗೆ ಮಾಡಿ ಏನ್ ಮಾಡ್ತಾರೆ, ನಿನ್ ಗಂಡನ್ನ ಕಳ್ಸು" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಅಂದು ಸುಮ್ಮನೆ ನಡೆದರು.

ಆರೋಗ್ಯ ಕೇಂದ್ರದ ವರಾಂಡದಲ್ಲಿ ಹೆಂಗಸರ ಸಾಲು ಗೋಡೆಗೆ ಒರಗಿ ಕುಳಿತಿತ್ತು. ಫಿನಾಯಿಲ್ ವಾಸನೆ, ಮಕ್ಕಳ ಅಳು. ಡಾಕ್ಟರ ಕೋಣೆಗೆ ಅರ್ಧ ಪರದೆ ಮಾತ್ರ. ಒಳಗಿನ ಮಾತು ಹೊರಗೆ ಚೆನ್ನಾಗಿ ಕೇಳುತ್ತಿತ್ತು. ನಮಗಿಂತ ಮುಂದಿದ್ದಾಕೆ ಬಿ.ದುರ್ಗದಿಂದ ಬಂದವಳು, ಸೊಂಟನೋವು.

"ರಾತ್ರಿ ನಿದ್ದೆ ಬರುತ್ತಾ ಅಮ್ಮ?"

"ಬರ್ತೈತ್ರಿ ಸಾರ್."

"ಊಟ ಸರಿಯಾಗಿ ಮಾಡ್ತೀರಾ?"

"ಆತ್ರಿ ಸಾರ್. ನಿಮ್ದಾತಾ?"

"ಆಯ್ತಮ್ಮ, ನಂದೂ ಆಯ್ತು," ಎಂದರು ಡಾಕ್ಟರು, ಸೋತ ದನಿಯಲ್ಲಿ. ಸಾಲಿನಲ್ಲಿದ್ದವರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು. ಆದರೆ ನನಗೆ ಒಳಗೇ ಧೈರ್ಯ ಕುಸಿಯಿತು. ನಮ್ಮ ಕಡೆ ಊಟವಾಯಿತಾ ಎಂದು ಕೇಳಿದರೆ ಉಪವಾಸ ಇರುವವರೂ ಆಯಿತು ಎನ್ನಬೇಕು. ಇಲ್ಲ ಎಂದರೆ ಕೇಳಿದವರ ಮನೆಯಲ್ಲಿ ಎಲೆ ಹಾಕಿಸಿಕೊಂಡ ಹಾಗೆ. ಹುಷಾರಾ ಎಂದರೆ ಹುಷಾರು ಎನ್ನಬೇಕು. ಬೆಂಗಳೂರಲ್ಲಿ ಕಲಿತು ಬಂದ ಪ್ರಶ್ನೆಗಳಿಗೆ ಆ ಬೆಳಿಗ್ಗೆಯೆಲ್ಲ ಸಿಗುತ್ತಿದ್ದದ್ದು ಮರ್ಯಾದೆಯ ಉತ್ತರ. ಅತ್ತೆಯನ್ನು ಹೇಗೋ ಆ ಕುರ್ಚಿಯಲ್ಲಿ ಕೂರಿಸಿದರೂ ಅವರು ಹೇಳುವುದು ಅದನ್ನೇ ಅಲ್ಲವೇ?

ನಮ್ಮ ಸರದಿ ಬಂತು. ಕುರ್ಚಿಯಲ್ಲಿ ನಾನು ಕುಳಿತೆ. ಅತ್ತೆ ನನ್ನ ಹಿಂದೆ ನಿಂತರು.

"ಏನಮ್ಮ ತೊಂದರೆ?"

ನಾನು ಬಾಯಿ ತೆರೆಯುವ ಮುಂಚೆ ಹಿಂದಿನಿಂದ ದನಿ ಬಂತು. "ಇವ್ಳಿಗೆ ತಲೆನೋವು ರೀ. ಮದ್ಯಾನದ ಮ್ಯಾಲೆ ಬರ್ತೈತೆ."

ನನ್ನ ಕಣ್ಣು ತುಂಬಿತು. ಎಷ್ಟೋ ತಿಂಗಳಾದ ಮೇಲೆ ಅತ್ತೆ ನನ್ನ ಪರವಾಗಿ ಉತ್ತರ ಹೇಳಿದ್ದರು.

ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕನ್ನಡಕ ಬೇಕಾಗಬಹುದು, ದುರ್ಗಕ್ಕೆ ಹೋದಾಗ ಪರೀಕ್ಷೆ ಮಾಡಿಸಿ ಎಂದರು. ಆಮೇಲೆ ಪೆನ್ನಿನ ಮುಚ್ಚಳ ತಿರುಗಿಸುತ್ತಾ, ಇನ್ನು ಇದರಿಂದ ಏನೂ ಪ್ರಯೋಜನವಿಲ್ಲ ಎಂಬಂತೆ, ಕೇಳಿದರು.

"ಎಲ್ಲರನ್ನೂ ಕೇಳ್ತಿದೀನಿ, ತಪ್ಪು ತಿಳ್ಕೋಬೇಡಿ. ರಾತ್ರಿ ನಿದ್ದೆ ಹೇಗೆ?"

"ಎಲ್ಲೈತ್ರಿ ನಿದ್ದೆ?" ಎಂದರು ಅತ್ತೆ.

ನಾನು ಬೆಚ್ಚಿದೆ. ನಾನು ತಲೆ ದಿಂಬಿಗೆ ಇಟ್ಟರೆ ಬೆಳಗಾಗುವವರೆಗೆ ಎಚ್ಚರವಿಲ್ಲದವಳು.

"ಹೊಸದುರ್ಗದ ಮೊದ್ಲನೇ ಬಸ್ಸು ಹೋಗಾಕಿಂತ ಎಷ್ಟೋ ಮುಂಚೇನೇ ಎಚ್ರಾಗ್ತೈತೆ. ಆಮ್ಯಾಲೆ ಕಣ್ಣು ಮುಚ್ಚಿದ್ರೆ ಮುಚ್ಚಿದ್ದಷ್ಟೇಯ. ಹಲ್ಲಿ ಲೊಚಗುಟ್ಟಿದ್ದೂ ಕೇಳ್ತೈತೆ."

ಡಾಕ್ಟರು ನನ್ನನ್ನು ನೋಡಿದರು. ಸಿಸ್ಟರುಗಳ ಪಾಠ ಗಂಟಲಿನಲ್ಲಿ ಎದ್ದು ನಿಂತಿತು: ಕೇಳಿದ್ದು ನನ್ನನ್ನು, ನಿಜ ಹೇಳಬೇಕಾದವಳು ನಾನು. ತುಟಿ ಬಿಚ್ಚಿದೆ. ಆಗ ಅತ್ತೆಯ ಕೈ ನನ್ನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡದ್ದು ಗೊತ್ತಾಯಿತು. ಬೆರಳುಗಳು ನನ್ನ ಹೆಗಲಿಗೆ ತಾಗುತ್ತಿದ್ದವು. ನಾನು ತುಟಿ ಮುಚ್ಚಿ ತಲೆ ತಗ್ಗಿಸಿದೆ.

"ಊಟ?"

"ಬಾಯಿಗೆ ಮಣ್ಣು ಇಟ್ಟಂಗೆ ಆಗ್ತೈತ್ರಿ. ಮುದ್ದೆ ಮುರೀತಾಳೆ, ನುಂಗಾಕಾಗಲ್ಲ. ಯಾರಾನ ನೋಡ್ತಿದ್ರೆ ಎಲ್ಡು ತುತ್ತು. ಇಲ್ದಿದ್ರೆ ಹಿತ್ಲಾಗೆ ನಾಯಿಗೆ ಹಾಕ್ತಾಳೆ."

ಕರಿನಾಯಿ ದುಂಡಗಾದದ್ದು ಹೇಗೆಂದು ನನಗೆ ಆ ಕುರ್ಚಿಯಲ್ಲಿ ತಿಳಿಯಿತು.

"ಕೆಲಸ ಮಾಡೋಕೆ ಮನಸ್ಸು ಬರುತ್ತಾ?"

"ಬಾಚಣಿಗೆ ಹಿಡ್ಕಂಡು ಕುಂತ್ರೆ ಎಲ್ಲಿಂದ ಬಾಚಾದು ಅಂತ ಹೊಳೆಯಲ್ಲ."

"ಅಳು ಬರುತ್ತಾ?"

"ಅತ್ರೆ ಚೆನ್ನಾಗಿತ್ತು. ಅದೂ ಬರಲ್ಲ ರೀ."

ಡಾಕ್ಟರು ಈಗ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಎಣ್ಣೆ ಹಚ್ಚಿದ ತಲೆ, ಮುಡಿದ ಕನಕಾಂಬರ, ನನ್ನ ದುಂಡು ಕೆನ್ನೆ ಅವರು ಆಗಲೇ ನೋಡಿ ಮುಗಿಸಿದ್ದರು. ಅವರ ಕಣ್ಣು ನನ್ನ ಹೆಗಲಿನಿಂದ ಮೇಲಕ್ಕೆ, ಅತ್ತೆಯ ಮುಖಕ್ಕೆ ಹೋಗಿ ಅಲ್ಲೇ ನಿಂತಿತ್ತು. ಪೆನ್ನು ಕೆಳಗಿಟ್ಟರು. ಕೊನೆಯ ಪ್ರಶ್ನೆಯನ್ನು ತುಂಬ ಮೆತ್ತಗೆ ಕೇಳಿದರು.

"ಬದುಕೋದೇ ಬೇಡ ಅಂತ ಯಾವಾಗಾದ್ರೂ ಅನ್ಸುತ್ತಾ?"

ವರಾಂಡದಲ್ಲಿ ಯಾವುದೋ ಮಗುವಿಗೆ ಸೂಜಿ ಚುಚ್ಚಿರಬೇಕು, ಕಿರುಚಿತು. ಅದು ಸುಮ್ಮನಾದ ಮೇಲೆ ಅತ್ತೆ ಹೇಳಿದರು.

"ಸಾಯಾ ಮಾತು ಯಾಕ್ರೀ ಡಾಕ್ಟ್ರೇ... ಬೆಳಗಾಗದೇ ಇದ್ರೆ ಸಾಕು ಅನ್ನಿಸ್ತೈತೆ." ಉಸಿರು ಎಳೆದುಕೊಂಡು ಸೇರಿಸಿದರು, "ಇವ್ಳಿಗೆ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಸ್ವಲ್ಪ ಹೊರಗೆ ಕೂತಿರಿ ಅಮ್ಮ. ನಿಮ್ಮ ಅತ್ತೆ ಹತ್ರ ಮಾತಾಡ್ಬೇಕು."

ನಾನು ಎದ್ದು ಬಂದೆ. ಪರದೆಯ ಕೆಳಗಿನಿಂದ ಅತ್ತೆಯ ಪಾದಗಳು ಕಾಣುತ್ತಿದ್ದವು; ಸ್ವಲ್ಪ ಹೊತ್ತು ನಿಂತಲ್ಲೇ ಇದ್ದವು, ಆಮೇಲೆ ಕುರ್ಚಿಯ ಹತ್ತಿರ ಹೋದವು, ಕುಳಿತವು. ಹೆಬ್ಬೆರಳಿನ ಮೇಲೆ ಹೆಬ್ಬೆರಳು ಇಟ್ಟುಕೊಂಡವು. ಡಾಕ್ಟರ ದನಿ ಕೇಳಿತು.

"ಇದು ಕಾಯಿಲೆ ಅಮ್ಮ. ಜ್ವರ ಬಂದ ಹಾಗೆ. ಗಾಳಿ ಅಲ್ಲ, ಯಾರ ತಪ್ಪೂ ಅಲ್ಲ. ಮಾತ್ರೆ ಇದೆ, ವಾಸಿಯಾಗುತ್ತೆ."

"ಅವ್ಳಿಗಾ?"

"ನಿಮಗೆ."

ಆಮೇಲೆ ಡಾಕ್ಟರು ದನಿ ಇಳಿಸಿದರು. ಮುಂದಿನದು ನನಗೆ ಕೇಳಲಿಲ್ಲ, ಕೇಳಿಸಿಕೊಳ್ಳುವುದು ನನಗೂ ಬೇಡವಾಗಿತ್ತು. ಸಾಲಿನಲ್ಲಿದ್ದ ಹೆಂಗಸರು "ಎಷ್ಟ್ ಹೊತ್ರೀ ಒಬ್ಬರಿಗೇಯ" ಎಂದು ಗೊಣಗಿದರು. ಒಮ್ಮೆ ಮೂಗು ಸೀಟುವ ಸದ್ದು ಬಂತು. ಅಳು ಬರುವುದಿಲ್ಲ ಎಂದವರು ಅತ್ತಿದ್ದರು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯದೆ ನಾನು ನನ್ನ ಸೆರಗಿನ ಅಂಚು ಮಡಿಸುತ್ತಾ, ಬಿಡಿಸುತ್ತಾ ಕುಳಿತಿದ್ದೆ.

ಅತ್ತೆ ಬಂದರು. ಕಾಂಪೌಂಡರು ಕಾಗದದಲ್ಲಿ ಕಟ್ಟಿಕೊಟ್ಟ ಮಾತ್ರೆಯ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಡಾಕ್ಟರು ಬಾಗಿಲವರೆಗೆ ಬಂದು, ಅವರ ಮುಂದೆಯೇ, ನನಗೆ ಹೇಳಿದರು: ಮಾತ್ರೆ ನಿಮ್ಮ ಕೈಯಲ್ಲಿರಲಿ, ದಿನಾ ರಾತ್ರಿ ಊಟವಾದ ಮೇಲೆ ನೀವೇ ಕೊಡಿ. ಗುಣ ಕಾಣಿಸಲು ಕೆಲವು ವಾರ ಬೇಕು, ಅವಸರ ಬೇಡ. ಒಬ್ಬರನ್ನೇ ಬಿಡಬೇಡಿ. ಮುಂದಿನ ಗುರುವಾರ ತಪ್ಪದೆ ಬನ್ನಿ.

ಮುಂದಿನ ಗುರುವಾರ. ನಾನು ಅತ್ತೆಯ ಮುಖ ನೋಡಿದೆ. ಅದರಲ್ಲಿ ಏನೂ ಕಾಣಲಿಲ್ಲ.

ವಾಪಸು ಬರುವ ದಾರಿಯಲ್ಲಿ ಬಿಸಿಲು ಏರಿತ್ತು. ಭೀಮಸಮುದ್ರದ ಕಡೆಯಿಂದ ಅಡಿಕೆ ಮೂಟೆ ಹೊತ್ತ ಟ್ರಾಕ್ಟರೊಂದು ದೂಳೆಬ್ಬಿಸಿಕೊಂಡು ಹೋಯಿತು. ಇಬ್ಬರೂ ಬೇಲಿಯ ಪಕ್ಕ ಮುಖ ತಿರುಗಿಸಿ ನಿಂತೆವು. ದೂಳು ಇಳಿದ ಮೇಲೆ ಅತ್ತೆ ಕೇಳಿದರು.

"ಬರೋ ಬೇಸ್ತ್ವಾರನೇ ಅಲ್ವೇನೇ ಅಮಾಸೆ?"

"ಹೌದು ಅತ್ತೆ."

"ದೊಡ್ಡೋನು ಬುಧವಾರನೇ ಬಂದ್ಬಿಡ್ತಾನೆ."

"ಹೂಂ."

ಹೋಗಬೇಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಆದರೆ ಅದು ತಾಯಿ ಮಗನ ನಡುವಿನ ಮಾತು. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆಯಿಂದ ಅವರು ಕೈಯಾರೆ ಬಿಚ್ಚಿದ ಗಂಟನ್ನು ನಾನು ಎಳೆದು ಬಿಗಿಮಾಡಿಬಿಟ್ಟರೆ ಎಂಬ ಅಳುಕು. ಮನೆ ಮುಟ್ಟಿದ ಮೇಲೆ ಅವರು ಸೆರಗಿನ ಗಂಟು ಬಿಚ್ಚಿ ಪೊಟ್ಟಣವನ್ನು ನನ್ನ ಅಂಗೈಗೆ ಹಾಕಿದರು. "ನೀನೇ ಇಟ್ಕ" ಎಂದರು, ಅಷ್ಟೇ. ನಾನು ಅದನ್ನು ಸಾಸಿವೆ ಡಬ್ಬಿಯ ಹಿಂದೆ, ನನಗೆ ಮಾತ್ರ ಎಟುಕುವ ಮೇಲಿನ ಹಲಗೆಯಲ್ಲಿಟ್ಟೆ.

ಊಟಕ್ಕೆ ಬಡಿಸುವಾಗ ಮುದ್ದೆಯನ್ನು ಎಂದಿಗಿಂತ ಚಿಕ್ಕದು ಮಾಡಿದೆ, ಎದುರಿಗೇ ಕುಳಿತೆ. ಅವರು ಅರ್ಧ ಮುಗಿಸಿದರು. ಉಳಿದರ್ಧವನ್ನು ನೋಡಿ, ನನ್ನನ್ನು ನೋಡಿ, "ನಾಯಿಗೆ ನೀನೇ ಹಾಕ್ಬುಡು" ಎಂದರು. ಅದರಲ್ಲಿ ನಗುವಿನ ಒಂದು ಎಳೆ ಇತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಯಜಮಾನರು ಕೇಳಿದರೆ ನಾನು ಕಲ್ಪಿಸಿಕೊಂಡದ್ದು ಎನ್ನುತ್ತಾರೆ.

ಸಂಜೆ ಯಜಮಾನರು ಬಂದರು. ಎಲ್ಲವನ್ನೂ ಅಡಿಗೆಮನೆಯಲ್ಲಿ ಪಿಸುಮಾತಿನಲ್ಲಿ ಹೇಳಿದೆ. ಅವರು ಅಂಗಿಯ ಗುಂಡಿ ಬಿಚ್ಚಿದವರು ಹಾಗೇ ನಿಂತುಬಿಟ್ಟರು. "ಅಮಾಸೆಗೆ ಏನ್ ಮಾಡ್ತಾಳೆ ಅವ್ವ?" ಎಂದರು.

ದೀಪ ಹಚ್ಚಿ ಹೊರಗೆ ಬಂದಾಗ ಅತ್ತೆ ಜಗಲಿಯಲ್ಲಿರಲಿಲ್ಲ. ಒಬ್ಬರನ್ನೇ ಬಿಡಬೇಡಿ ಎಂದಿದ್ದರಲ್ಲ ಡಾಕ್ಟರು. ಹಿತ್ತಿಲಿಗೆ ಓಡಿದೆ, ಬಚ್ಚಲ ಕಡೆ ನೋಡಿದೆ, ಮತ್ತೆ ಮುಂದಕ್ಕೆ ಬಂದೆ. ಆಗ ಕಣ್ಣಿಗೆ ಬಿದ್ದದ್ದು, ಗೋಡೆಯ ಮೊಳೆ ಬರಿದಾಗಿತ್ತು. ಸಂಚಿ ಇರಲಿಲ್ಲ. ಒಣಗಿದ ಎಲೆಗಳನ್ನು ಯಾರೋ ಮೆಟ್ಟಿಲ ಪಕ್ಕ ಕೊಡವಿದ್ದರು. ಅಷ್ಟರಲ್ಲಿ ಗಿರಣಿಯ ಮನೆಯ ಜಗಲಿಯಿಂದ ಅತ್ತೆ ಮೆಲ್ಲಗೆ ಇಳಿದು, ಒಂದು ಕೆನ್ನೆ ಉಬ್ಬಿಸಿಕೊಂಡು ನಮ್ಮ ಬಾಗಿಲಿಗೆ ಬಂದರು. ನನ್ನನ್ನು ದಾಟಿ ಒಳಗೆ ಹೋದರು. ವೀಳ್ಯದೆಲೆಯ ವಾಸನೆ ಅವರ ಹಿಂದೆ ಹೋಯಿತು.

ಬೆನ್ನಿಗೇ ಗಿರಣಿಯ ಮನೆಯಾಕೆ ಬಂದರು, ಕೈಯಲ್ಲಿ ಅತ್ತೆಯ ಸುಣ್ಣದ ಡಬ್ಬಿಯ ಮುಚ್ಚಳ.

"ತಗಳ್ರಿ, ನಿಮ್ಮತ್ತೆ ಬಿಟ್ಟು ಬಂದವ್ರೆ. ಎಲೆ ಈಸ್ಕಂಡಿದ್ದೂ ಅಲ್ದೆ ನನ್ ಸುಣ್ಣ ಸುಟ್ಟ ಬೂದಿ ಇದ್ದಂಗೈತೆ ಅಂತ ಬೈದ್ರು ಕಣ್ರೀ!" ಎಂದು ಮುಚ್ಚಳವನ್ನು ನನ್ನ ಕೈಗಿಟ್ಟು, ತಮ್ಮ ಬಾಗಿಲ ಕಡೆ ತಿರುಗಿದವರು, ಏನೋ ನೆನಪಾದಂತೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ರೀ, ನಿಮಗೇನಾಗೈತೆ? ಅಮಾಸೆಗೆ ದೊಡ್ಡೋನ ಜತೆ ಹೋಗಾಕಾಗಲ್ಲ, ಬೇಸ್ತ್ವಾರ ಸೊಸೇನ ಆಸ್ಪತ್ರೆಗೆ ಕರ್ಕಂಡೋಗ್ಬೇಕು, ನಾನಿಲ್ದಿದ್ರೆ ಡಾಕ್ಟ್ರ ಮುಂದೆ ಅವ್ಳಿಗೆ ಬಾಯೇ ಬರಲ್ಲ ಅಂತ ಹೇಳ್ತಿದ್ರು ನಿಮ್ಮತ್ತೆ. ನೋಡಿದ್ರೆ ಕಲ್ಲುಗುಂಡಿದ್ದಂಗಿದೀರಲ್ರೀ ನೀವು!"